ಕಾರ್ಖಾನೆಯ ಅಂಗಳಕ್ಕೆ ಬಿದ್ದ ಮಳೆ

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ದೇವಾಪುರ ಮತ್ತು ಅದರ ಸುತ್ತಲಿನ ಸೀಮೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾಗುತ್ತದೆ; ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿ, ಅದರಲ್ಲೂ ಕೆಲವು ಬಿರುಸಾದ ಮಳೆಗಳಲ್ಲಿ ಸುರಿದುಹೋಗುತ್ತದೆ. ಈ ನೀರನ್ನು ಎದುರುಗೊಳ್ಳುವ ನೆಲ ಬಹುಪಾಲು ಎರೆ, ನಡುನಡುವೆ ಮಸಾರಿ. ಎರೆಮಣ್ಣು ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಬ್ಬುತ್ತದೆ. ಪೂರ್ತಿ ಉಬ್ಬಿದ ಮೇಲೆ ಗಂಟೆಗೆ ಕೆಲವೇ ಮಿಲಿಮೀಟರ್ ನೀರನ್ನು ಒಳಕ್ಕೆ ಬಿಟ್ಟುಕೊಂಡು ಉಳಿದದ್ದನ್ನೆಲ್ಲ ಹಳ್ಳಕ್ಕೆ ದೂಡುತ್ತದೆ, ಹಳ್ಳ ಅದನ್ನು ಕೃಷ್ಣೆಗೆ ಒಯ್ಯುತ್ತದೆ. ಓಡುವ ನೀರನ್ನು ನಿಲ್ಲಿಸಿಕೊಳ್ಳುವ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಹೊಲದ ಬದು, ಒಡ್ಡು, ಇತ್ತೀಚಿನ ಕೃಷಿಹೊಂಡ ಎಲ್ಲವೂ ಅದರ ರೂಪಗಳು. ಸುರಪುರದ ನಾಯಕ ಅರಸರು ಕಟ್ಟಿಸಿ, 19ನೆಯ ಶತಮಾನದಲ್ಲಿ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಕಾಲದಲ್ಲಿ ಹಿರಿದಾದ ಬೋನಾಳ ಕೆರೆ ಇಂದು ಪಕ್ಷಿಧಾಮವಾಗಿ ಹೆಸರಾಗಿರುವುದೂ ಅದೇ ವಿದ್ಯೆಯ ಫಲ. ಆದರೆ ಈ ವಿದ್ಯೆಯೆಲ್ಲ ಮೂಡಿ ಬೆಳೆದದ್ದು ಬಿದ್ದ ಮಳೆ ಸ್ವಚ್ಛವಾಗಿದೆ ಎಂಬ ನಂಬಿಕೆಯ ಮೇಲೆ. ಕಾರ್ಖಾನೆಯ ಅಂಗಳಕ್ಕೆ ಬಿದ್ದ ಮಳೆಯ ವಿಷಯದಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ.

ಮಳೆ ಬಿದ್ದ ಕೂಡಲೇ ನೆಲಕ್ಕೆ ಇಂಗದೆ ಮೇಲ್ಮೈಯ ಮೇಲೆ ಹರಿದು ಹೋಗುವ ನೀರನ್ನು ಹರಿನೀರು ಎನ್ನಬಹುದು. ಹೊಲದ ಹರಿನೀರಿಗೂ ಕಾರ್ಖಾನೆಯ ಹರಿನೀರಿಗೂ ಎರಡು ಬಗೆಯ ಅಂತರಗಳಿವೆ. ಮೊದಲನೆಯದು ಪ್ರಮಾಣದ್ದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಹೀಗಾಗಿ 10 ಎಕರೆಯ ಒಂದು ಗಿರಣಿಯ ಆವರಣದ ಮೇಲೆ ಒಂದೇ ದಿನ 50 ಮಿಲಿಮೀಟರ್ ಮಳೆಯಾದರೆ ಅಲ್ಲಿ ಬೀಳುವುದು 20 ಲಕ್ಷ ಲೀಟರ್ ನೀರು. ಅದೇ ಜಾಗ ಹೊಲವಾಗಿದ್ದಾಗ ಅದರಲ್ಲಿ ಒಂದು ಪಾಲನ್ನು ಬಿರುಕುಗಳು, ಬದು ಮತ್ತು ಬೆಳೆ ಹಿಡಿದಿಟ್ಟುಕೊಳ್ಳುತ್ತಿದ್ದವು. ತಗಡಿನ ಚಾವಣಿ, ಕಾಂಕ್ರೀಟು, ಲಾರಿಗಳ ಗಾಲಿಗೆ ಸಿಕ್ಕು ಗಟ್ಟಿಯಾದ ಅಂಗಳ ಬಂದ ಮೇಲೆ ನೂರಕ್ಕೆ ಎಂಬತ್ತು ತೊಂಬತ್ತರಷ್ಟು ನೀರು ನಿಮಿಷಗಳೊಳಗೆ ಗೇಟಿನ ಹೊರಗಿರುತ್ತದೆ. ಕೆಳಗಿನ ಹೊಲದವನ ಒಡ್ಡು ಒಡೆಯುವುದಕ್ಕೂ ರಸ್ತೆಯ ಅಡಿಮೋರಿ ತುಂಬಿ ಉಕ್ಕುವುದಕ್ಕೂ ಎಷ್ಟೋ ಸಲ ಈ ಅವಸರವೇ ಕಾರಣವಾಗಿರುತ್ತದೆ.

ಎರಡನೆಯ ಅಂತರ ನೀರು ಏನನ್ನು ಹೊತ್ತು ಹೋಗುತ್ತದೆ ಎಂಬುದರದ್ದು. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ ಮತ್ತು ಸುರಪುರ ತಾಲ್ಲೂಕುಗಳಲ್ಲಿ ಭತ್ತ ಹಬ್ಬಿತು, ಹತ್ತಿ ಹೆಚ್ಚಿತು. ಅದರ ಬೆನ್ನಿಗೆ ಅಕ್ಕಿ ಗಿರಣಿಗಳು, ಹತ್ತಿಯಿಂದ ಕಾಳು ಬೇರ್ಪಡಿಸುವ ಜಿನ್ನಿಂಗ್ ಗಿರಣಿಗಳು, ಗೊಬ್ಬರ ಮತ್ತು ಕೀಟನಾಶಕಗಳ ಗೋದಾಮುಗಳು, ಟ್ರ್ಯಾಕ್ಟರ್–ಲಾರಿಗಳ ಗ್ಯಾರೇಜುಗಳು ಬಂದವು. ಇವುಗಳಲ್ಲಿ ಯಾವುದನ್ನೂ ಜನ ಮಾಲಿನ್ಯದ ಕಾರ್ಖಾನೆ ಎಂದು ಕರೆಯುವುದಿಲ್ಲ, ಕರೆಯಬೇಕಾದ ಅಗತ್ಯವೂ ಇಲ್ಲ. ಆದರೂ ಅಕ್ಕಿ ಗಿರಣಿಯ ಹಿಂದೆ ಬೆಳೆಯುವ ಹೊಟ್ಟಿನ ಬೂದಿಯ ಗುಡ್ಡೆ ಮಳೆಗೆ ಕರಗಿ ಹಳ್ಳದ ತಳಕ್ಕೆ ಕಪ್ಪು ಪದರವಾಗಿ ಕೂರುತ್ತದೆ. ಜಿನ್ನಿಂಗ್ ಗಿರಣಿಯ ಅರಳೆಯ ತುಣುಕುಗಳು ಚರಂಡಿಯ ಬಾಯಿ ಕಟ್ಟುತ್ತವೆ. ಗೋದಾಮಿನ ಬಾಗಿಲಲ್ಲಿ ಚೀಲ ಒಡೆದು ಚೆಲ್ಲಿದ ಯೂರಿಯಾ ಮತ್ತು ಡಿಎಪಿ ಕೆರೆಯ ಪಾಚಿಗೆ ಆಹಾರವಾಗುತ್ತವೆ. ಗ್ಯಾರೇಜಿನ ಅಂಗಳದ ಹಳೆಯ ಆಯಿಲ್ ತೆಳುವಾಗಿ ನೀರಿನ ಮೇಲೆ ಹರಡಿ ಗಾಳಿಯ ಆಮ್ಲಜನಕ ಒಳಗಿಳಿಯದಂತೆ ಮಾಡುತ್ತದೆ. ಇವೆಲ್ಲವೂ ಯಾರೂ ಬೇಕೆಂದು ಸುರಿದದ್ದಲ್ಲ, ದಿನನಿತ್ಯದ ಕೆಲಸದಲ್ಲಿ ಚೆಲ್ಲಿ ಉಳಿದದ್ದು. ಕೊಳವೆಯ ಮೂಲಕ ಹೊರಬರುವ ತ್ಯಾಜ್ಯನೀರಿಗೆ ಒಂದು ಬಾಯಿ ಇರುತ್ತದೆ, ಅದರ ಮುಂದೆ ನಿಂತು ಅಳೆಯಬಹುದು. ಇಡೀ ಅಂಗಳದಿಂದ ಎದ್ದು ಬರುವ ಹರಿನೀರಿಗೆ ಬಾಯಿ ಇಲ್ಲವಾದ್ದರಿಂದಲೇ ಅದು ಲೆಕ್ಕಕ್ಕೆ ಸಿಗದೆ ಉಳಿದಿದೆ.

ಮಳೆಯ ಆರಂಭದಲ್ಲಿ ಬರುವ ಹರಿನೀರು ಉಳಿದ ನೀರಿಗಿಂತ ಹೆಚ್ಚು ಕೊಳಕಾಗಿರುತ್ತದೆ ಎಂಬುದು ಈ ವಿಷಯದ ಮುಖ್ಯ ಸೂತ್ರಗಳಲ್ಲಿ ಒಂದು. ಇದನ್ನು ಮೊದಲ ತೊಳೆನೀರು ಎನ್ನಬಹುದು: ಚಾವಣಿ ಮತ್ತು ಅಂಗಳದ ಮೇಲೆ ಒಣದಿನಗಳಲ್ಲಿ ಕೂತ ಧೂಳು, ಎಣ್ಣೆ, ಪುಡಿ ಎಲ್ಲವನ್ನೂ ಮೊದಲ 10–15 ಮಿಲಿಮೀಟರ್ ಮಳೆ ಬಹುಮಟ್ಟಿಗೆ ತೊಳೆದುಕೊಂಡು ಹೋಗುತ್ತದೆ, ಅನಂತರದ ನೀರು ಹೆಚ್ಚು ತಿಳಿಯಾಗಿರುತ್ತದೆ. ಎರೆಯ ಸೀಮೆಯಲ್ಲಿ ಈ ಸೂತ್ರಕ್ಕೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ, ಪಠ್ಯಪುಸ್ತಕಗಳಲ್ಲಿ ಅದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ರೋಹಿಣಿ ಮತ್ತು ಇಲ್ಲಿನ ರೈತರು ಮಿರಗ ಎನ್ನುವ ಮೃಗಶಿರಾ ಮಳೆ ಬೀಳುವ ಹೊತ್ತಿಗೆ ನೆಲ ಏಳೆಂಟು ತಿಂಗಳು ಒಣಗಿ ಆಳಕ್ಕೆ ಬಿರಿದಿರುತ್ತದೆ. ಅದೇ ಏಳೆಂಟು ತಿಂಗಳಲ್ಲಿ ಕಾರ್ಖಾನೆಯ ಅಂಗಳವೂ ವರ್ಷದಲ್ಲೇ ಅತಿ ಹೆಚ್ಚು ಕೊಳೆಯನ್ನು ಕೂಡಿಸಿಕೊಂಡಿರುತ್ತದೆ. ಅಂದರೆ ವರ್ಷದ ಅತ್ಯಂತ ಕೊಳಕು ನೀರು ಹರಿಯುವ ದಿನವೇ ನೆಲದ ಬಿರುಕುಗಳು ಅತ್ಯಂತ ಅಗಲವಾಗಿ ತೆರೆದಿರುತ್ತವೆ. ಮಣ್ಣಿನ ಪದರಗಳ ನಡುವೆ ನಿಧಾನವಾಗಿ ಸೋಸಿ ಇಳಿಯಬೇಕಾದ ನೀರು ಬಿರುಕಿನ ದಾರಿಯಲ್ಲಿ ಸೋಸದೆ ನೇರವಾಗಿ ಆಳಕ್ಕಿಳಿಯುತ್ತದೆ. ಕೆಲವು ವಾರಗಳ ಬಳಿಕ ನೆಲ ಉಬ್ಬಿ ಬಿರುಕು ಮುಚ್ಚಿಕೊಂಡಾಗ ಉಳಿದ ಕೊಳಕು ಹಳ್ಳದ ದಾರಿ ಹಿಡಿಯುತ್ತದೆ. ಎರೆನೆಲ ನೀರನ್ನು ಇಂಗಿಸುವುದಿಲ್ಲವಾದ್ದರಿಂದ ಅಂತರ್ಜಲಕ್ಕೆ ಅಪಾಯವಿಲ್ಲ ಎಂದು ಕೈಗಾರಿಕೆಗಳವರು ಹೇಳುವ ಮಾತು ನೆಲ ಉಬ್ಬಿರುವ ದಿನಗಳ ಮಟ್ಟಿಗೆ ನಿಜವಿರಬಹುದು, ಆದರೆ ಅಪಾಯ ಇರುವುದು ಬಿರುಕು ತೆರೆದಿರುವಾಗ ಬೀಳುವ ಮೊದಲ ಮಳೆಗಳಲ್ಲಿ.

ಮಳೆಗೆ ತೆರೆದಿಟ್ಟ ಕೈಗಾರಿಕಾ ನೆಲದಿಂದ ಏನಾಗಬಲ್ಲುದು ಎಂಬುದಕ್ಕೆ ಸುರಪುರ ತಾಲ್ಲೂಕು ದೂರದ ಉದಾಹರಣೆಗಳನ್ನು ಹುಡುಕಬೇಕಿಲ್ಲ. ಇದೇ ತಾಲ್ಲೂಕಿನ ಮಂಗಳೂರು ಎಂಬ ಊರಿನ ಸುತ್ತಲಿನ ಬಂಡೆಪಟ್ಟಿಯಲ್ಲಿ ಹಿಂದೆ ಚಿನ್ನದ ಗಣಿ ನಡೆಯುತ್ತಿತ್ತು. ಚಿನ್ನದ ಅದಿರಿನ ಜೊತೆಯಲ್ಲಿ ಆರ್ಸೆನೋಪೈರೈಟ್ ಎಂಬ ಖನಿಜ ಇರುವುದುಂಟು. ಅದರಲ್ಲಿ ಕಬ್ಬಿಣ, ಗಂಧಕಗಳೊಂದಿಗೆ ಆರ್ಸೆನಿಕ್, ಅಂದರೆ ಪಾಷಾಣದ ಅಂಶ ಸೇರಿರುತ್ತದೆ. ನೆಲದಾಳದಲ್ಲಿ ಗಾಳಿ ಸೋಕದೆ ಇರುವಷ್ಟು ಕಾಲ ಅದು ಸುಮ್ಮನಿರುತ್ತದೆ. ಅದಿರನ್ನು ಮೇಲೆತ್ತಿ, ಪುಡಿ ಮಾಡಿ, ಚಿನ್ನ ತೆಗೆದು ಉಳಿದ ಪುಡಿಯನ್ನು ಬಯಲಿನಲ್ಲಿ ರಾಶಿ ಹಾಕಿದಾಗ ಗಾಳಿ ಮತ್ತು ಮಳೆ ಎರಡೂ ಅದಕ್ಕೆ ತಗುಲುತ್ತವೆ. ಖನಿಜ ಒಡೆದು ಆರ್ಸೆನಿಕ್ ನೀರಿನಲ್ಲಿ ಕರಗುವ ರೂಪಕ್ಕೆ ಬರುತ್ತದೆ. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಈ ಬಂಡೆಪಟ್ಟಿಯ ಕಿರದಳ್ಳಿ ತಾಂಡಾದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪರೀಕ್ಷಿಸಿದ 59 ಕೊಳವೆಬಾವಿ ನೀರಿನ ಮಾದರಿಗಳಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಕುಡಿಯುವ ನೀರಿನ ಮಿತಿಯನ್ನು ಮೀರಿತ್ತು, ಗರಿಷ್ಠ ಪ್ರಮಾಣ 303 ಮೈಕ್ರೋಗ್ರಾಂ ಇತ್ತು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗ್ರಾಂಗೆ 2,000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇದ್ದು, ಗಣಿಯ ಪುಡಿತ್ಯಾಜ್ಯ ಇದಕ್ಕೆ ಕಾರಣವಾಗಿರಬಹುದೆಂದು ಸಂಶೋಧಕರು ಅಭಿಪ್ರಾಯಪಟ್ಟರು. ತಪಾಸಣೆಗೊಳಗಾದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್‌ನಿಂದಾಗುವ ಗಾಯಗಳಿದ್ದವು.

ಆ ನೀರಿನಲ್ಲಿದ್ದ ಆರ್ಸೆನಿಕ್‌ನಲ್ಲಿ ಬಂಡೆಯಿಂದ ಸಹಜವಾಗಿ ಬಂದದ್ದೆಷ್ಟು, ಗಣಿಯ ರಾಶಿಯಿಂದ ಮಳೆ ತೊಳೆದು ತಂದದ್ದೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳುವುದು ಸುಲಭವಲ್ಲ. ಆದರೆ ಮೇಲ್ಮಣ್ಣಿನ ಅಂಕಿಗಳು ಒಂದು ಮಾತನ್ನು ಸ್ಪಷ್ಟಪಡಿಸುತ್ತವೆ: ಗಣಿಯ ಬಾಯಿ ಮುಚ್ಚಿದರೂ ಮಳೆಯ ಕೆಲಸ ನಿಲ್ಲುವುದಿಲ್ಲ. ಉದ್ಯಮ ನಡೆಯುತ್ತಿರುವಾಗ ಅದಕ್ಕೊಬ್ಬ ಮಾಲೀಕನಿರುತ್ತಾನೆ, ಪರವಾನಗಿ ಇರುತ್ತದೆ, ತಪಾಸಣೆಗೆ ಬರುವ ಅಧಿಕಾರಿ ಇರುತ್ತಾನೆ. ಉದ್ಯಮ ನಿಂತ ಮೇಲೆ ಉಳಿಯುವುದು ರಾಶಿ ಮತ್ತು ವರ್ಷವರ್ಷ ಅದರ ಮೇಲೆ ಬೀಳುವ ಮಳೆ ಮಾತ್ರ. ಆ ತಾಂಡಾದ ಬಡ ಕುಟುಂಬಗಳು ಗಣಿಯ ಲಾಭದಲ್ಲಿ ಪಾಲುದಾರರಾಗಿರಲಿಲ್ಲ, ಅದರ ನೀರಿನಲ್ಲಿ ಮಾತ್ರ ಆದರು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಗುರುತಿಸಲಾಗಿದ್ದು, ಅಲ್ಲಿ ಗಣಿಗಾರಿಕೆಯ ಪ್ರಸ್ತಾಪ ಬಂದಾಗಲೆಲ್ಲ ಸುತ್ತಲಿನ ಜನ ಆತಂಕಗೊಳ್ಳುವುದಕ್ಕೆ ಇಂಥ ನೆನಪುಗಳ ಬೆಂಬಲವಿದೆ.

ಜಿಲ್ಲೆಯ ಇನ್ನೊಂದು ತುದಿಯಲ್ಲಿ, ತೆಲಂಗಾಣದ ಗಡಿಗೆ ಹತ್ತಿರವಿರುವ ಕಡೇಚೂರು–ಬಾಡಿಯಾಳದಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 3,000 ಎಕರೆಗೂ ಹೆಚ್ಚು ಭೂಮಿಯಲ್ಲಿ ಕೈಗಾರಿಕಾ ಪ್ರದೇಶವನ್ನು ರೂಪಿಸಿದೆ. ರೈಲ್ವೆಯ ಬೋಗಿ ಕಾರ್ಖಾನೆಯ ಜೊತೆಗೆ ಅಲ್ಲಿಗೆ ಬಂದ ಉದ್ಯಮಗಳಲ್ಲಿ ಔಷಧ ಮತ್ತು ರಾಸಾಯನಿಕ ಘಟಕಗಳು ಗಣನೀಯವಾಗಿವೆ. ದುರ್ವಾಸನೆ ಮತ್ತು ತ್ಯಾಜ್ಯನೀರಿನ ಬಗ್ಗೆ ಸುತ್ತಲಿನ ಹಳ್ಳಿಗಳವರು ದೂರುತ್ತಲೇ ಬಂದಿದ್ದಾರೆ. ಇಷ್ಟು ವಿಸ್ತಾರದ ಮೇಲೆ ಒಂದು ದಿನ 50 ಮಿಲಿಮೀಟರ್ ಮಳೆಯಾದರೆ ಬೀಳುವ ನೀರು 60 ಕೋಟಿ ಲೀಟರ್. ಪ್ರದೇಶ ಪೂರ್ತಿ ತುಂಬಿ ಬೆಳೆದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹರಿನೀರಾಗಿ ಹೊರಡುತ್ತದೆ ಎಂದು ಲೆಕ್ಕ ಹಿಡಿಯುವುದು ತಪ್ಪಾಗಲಾರದು. ಔಷಧ ಉದ್ಯಮದ ನೀರಿನ ವಿಷಯದಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರು ಈಗಾಗಲೇ ಪಾಠವಾಗಿ ನಿಂತಿದೆ: ಅಲ್ಲಿನ ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಬಂದ ನೀರಿನಲ್ಲಿ ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೈವಿಕ ಲೀಟರಿಗೆ 31 ಮಿಲಿಗ್ರಾಂವರೆಗೆ ಇದ್ದುದನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ವರದಿ ಮಾಡಿದರು. ಬ್ಯಾಕ್ಟೀರಿಯಾಗಳು ಅಂಥ ನೀರಿನಲ್ಲಿ ಬದುಕಿ ಪಳಗಿದರೆ ಅದೇ ಔಷಧ ಮುಂದೆ ರೋಗಿಗೆ ಕೆಲಸ ಮಾಡದೆ ಹೋಗುತ್ತದೆ.

ಇಂಥ ಘಟಕಗಳ ವಿಷಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗಳು ವಿಧಿಸುವ ಒಂದು ಷರತ್ತಿಗೆ ಶೂನ್ಯ ದ್ರವ ವಿಸರ್ಜನೆ ಎಂದು ಹೆಸರು. ಉತ್ಪಾದನೆಯಲ್ಲಿ ಬಳಸಿದ ನೀರನ್ನು ಆವರಣದೊಳಗೇ ಶುದ್ಧೀಕರಿಸಿ, ಕೊನೆಯಲ್ಲಿ ಉಳಿದ ಗಟ್ಟಿ ದ್ರಾವಣವನ್ನು ಆವಿ ಮಾಡಿ ಉಪ್ಪನ್ನಾಗಿಸಿ, ಒಂದು ಹನಿಯನ್ನೂ ಹೊರಬಿಡಬಾರದು ಎಂಬುದು ಅದರ ಅರ್ಥ. ಷರತ್ತು ಒಳ್ಳೆಯದು, ಆದರೆ ಅದು ನೋಡುವುದು ಕೊಳವೆಯನ್ನು. ಆಕಾಶದಿಂದ ಬಿದ್ದ ನೀರು ಅದರ ಲೆಕ್ಕದೊಳಗೆ ಸರಿಯಾಗಿ ಕೂರುವುದಿಲ್ಲ. ಆವಿ ಮಾಡುವ ಯಂತ್ರ ದಿನಕ್ಕೆ ಇಂತಿಷ್ಟು ಸಾವಿರ ಲೀಟರ್ ಎಂದು ಅಳೆದು ಕಟ್ಟಿದ್ದು, ಒಂದು ಮಳೆ ತರುವ ಲಕ್ಷಾಂತರ ಲೀಟರನ್ನು ಅದು ನುಂಗಲಾರದು. ತ್ಯಾಜ್ಯನೀರಿನ ತೆರೆದ ತೊಟ್ಟಿಗೆ ಮಳೆ ಬಿದ್ದು ಅದು ಉಕ್ಕಿದರೆ, ಇಲ್ಲವೆ ಅಂಗಳದ ಚರಂಡಿ ಮತ್ತು ತ್ಯಾಜ್ಯದ ಚರಂಡಿ ಎಲ್ಲೋ ಒಂದೆಡೆ ಕೂಡಿಕೊಂಡಿದ್ದರೆ, ವರ್ಷವಿಡೀ ಕಾದ ಶೂನ್ಯ ಒಂದೇ ರಾತ್ರಿಯಲ್ಲಿ ಹಳ್ಳ ಸೇರುತ್ತದೆ. ಮಳೆಗಾಲದ ಕತ್ತಲಲ್ಲಿ ವಾಲ್ವ್ ತೆರೆದುಬಿಡುವ ಆಸೆ ಹುಟ್ಟುವುದೂ ಈ ಕಾರಣಕ್ಕೇ: ಕೂಡಿಟ್ಟ ನೀರನ್ನು ಶುದ್ಧ ಮಾಡುವುದಕ್ಕೆ ಹಣ ಬೇಕು, ಹಳ್ಳದಲ್ಲಿ ನೀರು ಹೆಚ್ಚಿರುವಾಗ ಬಿಟ್ಟರೆ ಗುರುತು ಉಳಿಯುವುದಿಲ್ಲ. ಹೀಗೆ ಬಿಡುವುದು ಅಪರಾಧ. ಅದನ್ನು ಕಷ್ಟವಾಗಿಸುವ ರಚನೆಯನ್ನು ಕಟ್ಟುವ ಮೊದಲೇ ಪರವಾನಗಿ ನೀಡುವುದು ಅದಕ್ಕಿಂತ ಸಣ್ಣ ತಪ್ಪೇನಲ್ಲ.

ಹರಿನೀರಿಗೆ ತಡೆಯಿಲ್ಲದ ಆವರಣದಲ್ಲಿ ಅವಘಡ ಸಂಭವಿಸಿದರೆ ಏನಾಗುತ್ತದೆ ಎಂಬುದನ್ನು ಜಗತ್ತು ಕಂಡದ್ದು 1986ರ ನವೆಂಬರ್ 1ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ. ಅಲ್ಲಿನ ಸ್ಯಾಂಡೋಜ್ ಕಂಪನಿಯ ಕೃಷಿ ರಾಸಾಯನಿಕಗಳ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಸುರಿದ 10 ಸಾವಿರ ಘನ ಮೀಟರಿಗೂ ಮಿಗಿಲಾದ ನೀರು ಕೀಟನಾಶಕಗಳನ್ನು ಹೊತ್ತು, ಮಳೆನೀರಿಗೆಂದು ಮಾಡಿದ ಚರಂಡಿಯ ದಾರಿಯಲ್ಲಿ ರೈನ್ ನದಿಗೆ ಇಳಿಯಿತು. ನದಿ ಕೆಂಪಾಯಿತು, ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಸತ್ತವು. ಆ ದಿನ ಕೊರತೆಯಾಗಿದ್ದದ್ದು ಅಂಥ ನೀರನ್ನು ಹಿಡಿದಿಡುವ ಒಂದು ಹೊಂಡ. ಗೊಬ್ಬರ ಮತ್ತು ಕೀಟನಾಶಕಗಳ ಗೋದಾಮುಗಳು ರಸ್ತೆಬದಿಯಲ್ಲಿ ಸಾಲುಗಟ್ಟಿರುವ, ಹತ್ತಿ ಗಿರಣಿಗಳಲ್ಲಿ ಬೆಂಕಿ ಅಪರೂಪವಲ್ಲದ ಯಾದಗಿರಿಯಂಥ ಜಿಲ್ಲೆಗೆ ಈ ಘಟನೆ ಕಾಣುವಷ್ಟು ದೂರದ್ದಲ್ಲ. ಮಳೆಯ ಹರಿನೀರನ್ನು ತಡೆಯುವ ಹೊಂಡವೇ ಬೆಂಕಿಯ ದಿನ ಅಗ್ನಿಶಾಮಕದ ನೀರನ್ನೂ ತಡೆಯುತ್ತದೆ.

ಹರಿನೀರಿನ ನಿರ್ವಹಣೆಯ ಮೊದಲ ಕೆಲಸಕ್ಕೆ ಯಂತ್ರವೇ ಬೇಕಿಲ್ಲ, ನಕ್ಷೆಯ ಮೇಲೆ ಮುಗಿಯುತ್ತದೆ: ಆವರಣದ ಯಾವ ಭಾಗದ ನೀರು ಸ್ವಚ್ಛ, ಯಾವ ಭಾಗದ್ದು ಕೊಳಕು ಎಂದು ಬೇರ್ಪಡಿಸುವುದು. ಚಾವಣಿ, ಕಚೇರಿಯ ಅಂಗಳ, ತೋಟ ಇವುಗಳ ನೀರು ಒಂದು ಚರಂಡಿಯಲ್ಲಿ ಹೋಗಬೇಕು. ಸರಕು ಇಳಿಸುವ ಜಾಗ, ಡ್ರಮ್ಮುಗಳ ಅಂಗಳ, ಬಾಯ್ಲರಿನ ಬೂದಿ ತೆಗೆಯುವ ಜಾಗ, ಡೀಸೆಲ್ ತುಂಬುವ ಜಾಗ ಇವುಗಳದ್ದು ಇನ್ನೊಂದರಲ್ಲಿ. ಎರಡೂ ಒಮ್ಮೆ ಕೂಡಿದವೆಂದರೆ ಇಡೀ ನೀರು ಕೊಳಕೇ ಆಗುತ್ತದೆ, ಅದನ್ನು ಮತ್ತೆ ಬೇರ್ಪಡಿಸುವ ಉಪಾಯವಿಲ್ಲ. ಎರಡನೆಯ ಕೆಲಸ ಮಾಡು ಹಾಕುವುದು. ಕೊಳಕು ಜಾಗದ ಮೇಲೆ ತಗಡಿನ ಚಾವಣಿ ಹಾಕಿದರೆ ಅಲ್ಲಿ ಮಳೆಯೇ ಬೀಳುವುದಿಲ್ಲ, ಬೀಳದ ನೀರನ್ನು ಶುದ್ಧೀಕರಿಸುವ ಖರ್ಚೂ ಇಲ್ಲ. ಅಕ್ಕಿ ಗಿರಣಿಯ ಬೂದಿಗುಡ್ಡೆಯ ಸಮಸ್ಯೆಗೆ ನಾಲ್ಕು ಕಂಬ ಮತ್ತು ಒಂದು ಮಾಡಿಗಿಂತ ಅಗ್ಗದ ಪರಿಹಾರ ಇನ್ನೂ ಯಾರಿಗೂ ಹೊಳೆದಿಲ್ಲ. ದ್ರವ ರಾಸಾಯನಿಕದ ಟ್ಯಾಂಕುಗಳ ಸುತ್ತ ಕಾಂಕ್ರೀಟಿನ ಗಿಡ್ಡ ಗೋಡೆ ಕಟ್ಟಿ, ಅತಿ ದೊಡ್ಡ ಟ್ಯಾಂಕು ಒಡೆದರೂ ಅದರ ಪೂರ್ತಿ ದ್ರವ ಮತ್ತು ಮೇಲೊಂದಿಷ್ಟು ಮಳೆ ಅದರೊಳಗೆ ನಿಲ್ಲುವಂತೆ ಮಾಡುವುದು ಈಗ ಎಲ್ಲೆಡೆ ಒಪ್ಪಿತವಾದ ಪದ್ಧತಿ. ಆದರೆ ಆ ಗೋಡೆಯ ಬುಡದಲ್ಲಿ ಮಳೆನೀರು ಬಿಡಲೆಂದು ಇಟ್ಟ ವಾಲ್ವ್ ಸದಾ ಮುಚ್ಚಿರಬೇಕು, ನೀರನ್ನು ಪರೀಕ್ಷಿಸಿದ ಬಳಿಕವಷ್ಟೇ ತೆರೆಯಬೇಕು. ತೆರೆದೇ ಬಿಟ್ಟ ವಾಲ್ವಿನ ಗೋಡೆ ಇದ್ದೂ ಇಲ್ಲದಂತೆ.

ಮೂರನೆಯದು ಹಿಡಿದಿಡುವುದು. ಕೊಳಕು ಭಾಗದ ಚರಂಡಿಯ ಕೊನೆಯಲ್ಲಿ ಮೊದಲ ತೊಳೆನೀರಿನ ತೊಟ್ಟಿ ಇರಬೇಕು. ಅದರ ಅಳತೆ ಗಾಬರಿಪಡಿಸುವಂಥದ್ದಲ್ಲ: 10 ಎಕರೆಯ ಆವರಣ ಪೂರ್ತಿ ಕೊಳಕೇ ಎಂದು ಹಿಡಿದರೂ ಮೊದಲ 15 ಮಿಲಿಮೀಟರ್ ಮಳೆಯ ನೀರು ಸುಮಾರು 6 ಲಕ್ಷ ಲೀಟರ್, ಅಂದರೆ 20 ಮೀಟರ್ ಉದ್ದ, 15 ಮೀಟರ್ ಅಗಲ, 2 ಮೀಟರ್ ಆಳದ ಒಂದು ಹೊಂಡ. ಈ ಸೀಮೆಯ ಎಷ್ಟೋ ರೈತರು ಕೃಷಿಹೊಂಡಗಳಿಗೆ ಇದಕ್ಕಿಂತ ಬಹಳ ಕಡಿಮೆಯಿಲ್ಲದ ಗುಂಡಿ ತೋಡಿದ್ದಾರೆ. ತೊಟ್ಟಿ ತುಂಬಿದ ಮೇಲೆ ಬರುವ ತಿಳಿಯಾದ ನೀರು ತಾನಾಗಿ ಬದಿಯ ದಾರಿ ಹಿಡಿದು ಸ್ವಚ್ಛ ನೀರಿನ ಹೊಂಡದತ್ತ ಹೋಗುವಂತೆ ಮಟ್ಟ ಹಿಡಿದು ಕಟ್ಟಬಹುದು. ತೊಟ್ಟಿಯಲ್ಲಿ ನಿಂತದ್ದನ್ನು ಮಳೆ ನಿಂತ ಬಳಿಕ ನಿಧಾನವಾಗಿ ಶುದ್ಧೀಕರಣ ಘಟಕಕ್ಕೆ ಕಳಿಸಿ, ಮುಂದಿನ ಮಳೆ ಬರುವುದರೊಳಗೆ ಖಾಲಿ ಮಾಡಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ತುಂಬಿಕೊಂಡೇ ಇರುವ ತೊಟ್ಟಿಯಿಂದ ಉಪಯೋಗವಿಲ್ಲವಾದ್ದರಿಂದ ತಪಾಸಣೆಗೆ ಬಂದವರು ಮೊದಲು ನೋಡಬೇಕಾದದ್ದು ತೊಟ್ಟಿ ಇದೆಯೇ ಎಂಬುದನ್ನಲ್ಲ, ಅದು ಖಾಲಿ ಇದೆಯೇ ಎಂಬುದನ್ನು.

ತೊಟ್ಟಿ ಕಟ್ಟುವಾಗ ಎರೆಮಣ್ಣು ಮತ್ತೆ ತನ್ನ ಗುಣ ತೋರಿಸುತ್ತದೆ. ಕಾಂಕ್ರೀಟಿನ ಚರಂಡಿಯನ್ನೂ ತೊಟ್ಟಿಯ ತಳವನ್ನೂ ಅದು ಮಳೆಗಾಲದಲ್ಲಿ ಮೇಲೆತ್ತಿ ಬೇಸಿಗೆಯಲ್ಲಿ ಕೆಳಗಿಳಿಸಿ ನಾಲ್ಕೈದು ವರ್ಷಗಳಲ್ಲಿ ಸೀಳಿಹಾಕಬಲ್ಲದು. ಸೀಳಿನಿಂದ ಸೋರಿದ ಕೊಳಕು ಯಾರ ಕಣ್ಣಿಗೂ ಬೀಳದೆ ಆಳ ಸೇರುತ್ತದೆ. ಬೊಂಬಾಯಿ ಐಐಟಿಯ ಆರ್.ಕೆ. ಕಟ್ಟಿ ಇದಕ್ಕೆ ಕಂಡುಹಿಡಿದ ಉಪಾಯ ಕಾಲುವೆ ಕಟ್ಟುವವರಿಗೆ ಪರಿಚಿತ: ಎರೆಮಣ್ಣನ್ನು ಒಂದಿಷ್ಟು ಆಳಕ್ಕೆ ತೆಗೆದು, ಉಬ್ಬದ ಆದರೆ ಅಂಟುಗುಣವಿರುವ ಮಣ್ಣನ್ನು ಆ ಜಾಗದಲ್ಲಿ ಗಟ್ಟಿಸಿ, ಅದರ ಮೇಲೆ ಕಟ್ಟಡ ಎಬ್ಬಿಸುವುದು. ಇಲ್ಲಿ ಮುರುಮ ಎಂದು ಕರೆಯುವ ಗರಸಿನಲ್ಲಿ ಈ ಗುಣ ಇರುವುದನ್ನು ಪರೀಕ್ಷಿಸಿ ಆರಿಸಿಕೊಳ್ಳಬಹುದು. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಕೊಳಕು ನೀರಿನ ಹೊಂಡ ಸೋರದೆ ನಿಲ್ಲುತ್ತದೆ. ಈ ಖರ್ಚನ್ನು ಉಳಿಸಲು ಎರೆನೆಲ ತಾನಾಗಿಯೇ ನೀರು ಹಿಡಿಯುತ್ತದಲ್ಲ ಎಂದು ಬರಿಯ ಗುಂಡಿ ತೋಡುವವರು, ಮೇ ತಿಂಗಳಲ್ಲಿ ಆ ಗುಂಡಿಯ ತಳಕ್ಕಿಳಿದು ಬಿರುಕುಗಳನ್ನು ನೋಡಬೇಕು.

ನೀರನ್ನು ತಿಳಿಗೊಳಿಸುವುದರಲ್ಲಿಯೂ ಈ ಮಣ್ಣು ಹಟಮಾರಿ. ಹರಿನೀರಿನಲ್ಲಿರುವ ಕಣಗಳು ಭಾರಕ್ಕೆ ತಕ್ಕಂತೆ ತಳಕ್ಕಿಳಿಯುತ್ತವೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪದ ಮರಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಎರಡು ನಿಮಿಷ ಸಾಕು, ಎರಡು ಮೈಕ್ರಾನ್ ದಪ್ಪದ ಜೇಡಿಕಣಕ್ಕೆ ಅಷ್ಟೇ ದೂರ ಇಳಿಯಲು ಮೂರು ದಿನ ಬೇಕು. ಕಲ್ಲುಪುಡಿ ಮಾಡುವ ಕ್ರಷರಿನ ನೀರನ್ನು ಸಾಮಾನ್ಯ ತೊಟ್ಟಿಯೊಂದು ಸಾಕಷ್ಟು ತಿಳಿಗೊಳಿಸಬಲ್ಲದಾದರೂ ಎರೆಯ ಅಂಗಳದ ಕಪ್ಪು ನೀರು ಹಾಗೆ ಬಗ್ಗುವುದಿಲ್ಲ. ಲೋಹ ಮತ್ತು ಕೀಟನಾಶಕಗಳ ಅಂಶ ಹೆಚ್ಚಾಗಿ ಅಂಟಿಕೊಳ್ಳುವುದು ಇದೇ ಸಣ್ಣ ಕಣಗಳಿಗೆ ಎಂಬುದು ತೊಂದರೆಯನ್ನು ಹೆಚ್ಚಿಸುತ್ತದೆ. ಆಲಂ, ಅಂದರೆ ಪಟಿಕ ಬಳಸಿ ಕಣಗಳನ್ನು ಗುಂಪುಗೂಡಿಸಿ ಇಳಿಸುವುದು ಒಂದು ದಾರಿ. ಇಳಿಜಾರಿಗೆ ಅಡ್ಡವಾಗಿ ಅಗಲವಾದ ಆಳವಿಲ್ಲದ ಹುಲ್ಲುಗಾಲುವೆ ಮಾಡಿ, ಲಾವಂಚದ ಸಾಲುಗಳನ್ನು ನೆಟ್ಟು, ಕೊನೆಯಲ್ಲಿ ಜೊಂಡು ಬೆಳೆದ ಜೌಗು ಹೊಂಡಕ್ಕೆ ನೀರನ್ನು ನಡೆಸಿಕೊಂಡು ಹೋಗುವುದು ಇನ್ನೊಂದು. ಗಿಡಗಳ ಕಾಂಡ ನೀರಿನ ವೇಗ ತಗ್ಗಿಸಿ ಕಣಗಳನ್ನು ಹಿಡಿಯುತ್ತದೆ, ಬೇರಿನ ಸುತ್ತಲಿನ ಸೂಕ್ಷ್ಮಜೀವಿಗಳು ಎಣ್ಣೆ ಮತ್ತು ಸಾರಜನಕದ ಅಂಶಗಳನ್ನು ಒಡೆಯುತ್ತವೆ. ಗ್ಯಾರೇಜು, ಗಿರಣಿ, ಗೋದಾಮುಗಳ ಮಟ್ಟಿಗೆ ಇದು ಸಾಕಾಗಬಹುದು. ಔಷಧ ಘಟಕದ ದ್ರಾವಕಗಳ ಮುಂದೆ ಜೊಂಡು ನಿಲ್ಲಲಾರದು. ಅಲ್ಲಿ ಹಸಿರು ಹೊಂಡವನ್ನು ತೋರಿಸಿ ಶುದ್ಧೀಕರಣ ಘಟಕದ ಸಾಮರ್ಥ್ಯ ಕುಗ್ಗಿಸುವುದು ಜನರನ್ನು ನಂಬಿಸುವ ಕೆಲಸವಾಗುತ್ತದೆಯೇ ಹೊರತು ನೀರನ್ನು ಕಾಯುವ ಕೆಲಸವಾಗುವುದಿಲ್ಲ.

ಇಂಗುಗುಂಡಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮಳೆನೀರು ಕೊಯ್ಲಿನ ಪ್ರಚಾರ ಕರ್ನಾಟಕದಲ್ಲಿ ಎಷ್ಟು ಯಶಸ್ವಿಯಾಗಿದೆಯೆಂದರೆ ಇಂಗಿಸಿದ ನೀರೆಲ್ಲ ಪುಣ್ಯದ ನೀರು ಎಂಬ ಭಾವನೆ ಬೇರೂರಿದೆ, ಕಾರ್ಖಾನೆಗಳ ಪರವಾನಗಿಗಳಲ್ಲಿಯೂ ಇಂಗುಗುಂಡಿಗಳ ಷರತ್ತು ಸಾಮಾನ್ಯವಾಗಿದೆ. ಮನೆಯ ಚಾವಣಿಗೆ ಇದು ಸರಿ. ರಾಸಾಯನಿಕ ಘಟಕದ ಅಂಗಳದ ನೀರನ್ನು ಕೊಳವೆಬಾವಿಯ ಪಕ್ಕದ ಗುಂಡಿಗೆ ಇಳಿಸಿದರೆ ಮಣ್ಣಿನ ಸೋಸುವಿಕೆಯನ್ನು ದಾಟಿಸಿ ಮಾಲಿನ್ಯವನ್ನು ಕೈಯಾರೆ ಅಂತರ್ಜಲಕ್ಕೆ ತಲುಪಿಸಿದಂತಾಗುತ್ತದೆ. ಆದ್ದರಿಂದ ಇಂಥ ಆವರಣಗಳಲ್ಲಿ ಚಾವಣಿಯ ನೀರನ್ನು, ಅದೂ ಚಿಮಣಿಯ ಬೂದಿ ಕೂರದ ಚಾವಣಿಯ ನೀರನ್ನು, ಮುಚ್ಚಿದ ಟ್ಯಾಂಕಿನಲ್ಲಿ ಕೂಡಿಟ್ಟು ಬಾಯ್ಲರಿಗೆ, ತಂಪುಗೋಪುರಕ್ಕೆ, ಶೌಚಾಲಯಕ್ಕೆ ಬಳಸುವುದೇ ಉತ್ತಮ. ಒಂದು ಎಕರೆ ಚಾವಣಿಯಿಂದ ಈ ಸೀಮೆಯ ಮಳೆಯಲ್ಲಿ ವರ್ಷಕ್ಕೆ 20 ಲಕ್ಷ ಲೀಟರಿಗೂ ಹೆಚ್ಚು ನೀರು ಸಿಗುತ್ತದೆ. ಅಷ್ಟು ನೀರನ್ನು ಭೀಮಾ ಅಥವಾ ಕೃಷ್ಣೆಯಿಂದ ಎತ್ತುವುದು ತಪ್ಪುತ್ತದೆ, ಬೇಸಾಯದವರ ಪಾಲಿನ ನೀರಿನೊಡನೆ ಪೈಪೋಟಿಯೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಕಾನೂನು ಈ ನೀರನ್ನು ಪೂರ್ತಿ ಮರೆತಿದೆ ಎನ್ನುವುದು ಸರಿಯಲ್ಲ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ, ಕೈಗಾರಿಕೆಯ ಆವರಣದಿಂದ ಹೊರಬೀಳುವ ದ್ರವ, ಅನಿಲ, ಘನ ಪದಾರ್ಥಗಳೆಲ್ಲವನ್ನೂ ತ್ಯಾಜ್ಯದ ವ್ಯಾಖ್ಯೆಯೊಳಗೆ ತಂದಿದೆ. ವಿಷಕಾರಿ ಅಥವಾ ಮಲಿನಗೊಳಿಸುವ ವಸ್ತುವನ್ನು ಹಳ್ಳಕ್ಕೆ, ಬಾವಿಗೆ, ನೆಲಕ್ಕೆ ತಿಳಿದೂ ಸೇರಲು ಬಿಡುವುದನ್ನು ಅದರ 24ನೆಯ ವಿಧಿ ನಿಷೇಧಿಸುತ್ತದೆ. ಮಳೆ ಹೊತ್ತು ತಂದಿತು ಎಂಬ ಸಬೂಬಿಗೆ ಅದರಲ್ಲಿ ಜಾಗವಿಲ್ಲ. ಕೊರತೆ ಇರುವುದು ಅಳೆಯುವ ಕ್ರಮದಲ್ಲಿ. ಅಮೆರಿಕ 1972ರ ಶುದ್ಧಜಲ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು ಕೈಗಾರಿಕಾ ಹರಿನೀರಿಗೆ ಪ್ರತ್ಯೇಕ ಪರವಾನಗಿಯನ್ನು ಕಡ್ಡಾಯ ಮಾಡಿತು. ಅಲ್ಲಿನ ಉದ್ಯಮಗಳು ಹರಿನೀರಿನ ಲಿಖಿತ ಯೋಜನೆ ಇಟ್ಟುಕೊಳ್ಳಬೇಕು, ನೀರು ಹೊರಹರಿಯಲು ಆರಂಭಿಸಿದ ಮೊದಲ ಅರ್ಧ ಗಂಟೆಯೊಳಗೆ ಮಾದರಿ ತೆಗೆಯಬೇಕು. ಆ ಅರ್ಧ ಗಂಟೆಯ ನಿಯಮದಲ್ಲಿ ವಿಷಯದ ತಿರುಳಿದೆ. ಬಿಸಿಲಿನ ದಿನ ಮುಂಚಿತವಾಗಿ ತಿಳಿಸಿ ಬಂದು ತೆಗೆದ ಮಾದರಿ ಕಾರ್ಖಾನೆಯ ಹರಿನೀರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಜಿಲ್ಲಾ ಕೇಂದ್ರದಿಂದ ಅಧಿಕಾರಿ ಮಳೆಯಲ್ಲಿ ಹೊರಟು ಹಳ್ಳ ದಾಟಿ ಬರುವುದು ಅಸಾಧ್ಯವಾದರೆ, ನೀರು ಏರಿದೊಡನೆ ತಾನಾಗಿ ಬಾಟಲಿ ತುಂಬಿಕೊಳ್ಳುವ ಸರಳ ಉಪಕರಣವನ್ನು ಹೊರಚರಂಡಿಯ ಬಾಯಲ್ಲಿಟ್ಟು ಮುದ್ರೆ ಹಾಕಬಹುದು. ಬೀಗದ ಒಂದು ಕೈ ಗ್ರಾಮ ಪಂಚಾಯಿತಿಯಲ್ಲಿರುವುದು ನ್ಯಾಯ, ಏಕೆಂದರೆ ಆ ಚರಂಡಿಯ ಮುಂದಿನ ಭಾಗ ಊರಿನ ಹಳ್ಳ.

ಒಂದೊಂದು ಘಟಕ ತನ್ನ ಅಂಗಳವನ್ನು ನೋಡಿಕೊಂಡರೂ ಇಡೀ ಕೈಗಾರಿಕಾ ಪ್ರದೇಶದ ನೀರು ಉಳಿದೇ ಉಳಿಯುತ್ತದೆ. ರಸ್ತೆ, ಲಾರಿ ನಿಲ್ದಾಣ, ಹಂಚಿಕೆಯಾಗದ ನಿವೇಶನ ಇವುಗಳಿಗೆ ಒಡೆಯ ಪ್ರದೇಶಾಭಿವೃದ್ಧಿ ಮಂಡಳಿ. ನಿವೇಶನ ಹಂಚುವಾಗ ಭೂಮಿಯನ್ನು ಚೌಕಚೌಕವಾಗಿ ಕತ್ತರಿಸಿ ಸಹಜವಾದ ಹಳ್ಳಕೊಳ್ಳಗಳನ್ನು ಮುಚ್ಚಿ, ಅವುಗಳ ಬದಲು ರಸ್ತೆಬದಿಯ ಪೆಟ್ಟಿಗೆಚರಂಡಿಗಳನ್ನು ಕಟ್ಟುವ ಪದ್ಧತಿ ಎಲ್ಲ ಕಡೆ ಕಾಣುತ್ತದೆ. ಹಳ್ಳದ ಎರಡೂ ಬದಿಯ ಜಾಗವನ್ನು ಯಾರಿಗೂ ಕೊಡದೆ ಹುಲ್ಲು ಮತ್ತು ಮರಗಳಿಗೆ ಬಿಟ್ಟು, ಪ್ರದೇಶದ ತೀರ ತಗ್ಗಿನ ಜಾಗದಲ್ಲಿ ಮಂಡಳಿಯೇ ಒಂದು ದೊಡ್ಡ ತಡೆಹೊಂಡ ಕಟ್ಟಿ, ಅದರ ತೂಬನ್ನು ಮುಚ್ಚುವ ಅವಕಾಶವಿಟ್ಟುಕೊಂಡರೆ ಒಂದು ಘಟಕದ ಅವಘಡ ಹಳ್ಳಕ್ಕಿಳಿಯುವ ಮೊದಲೇ ನಿಲ್ಲುತ್ತದೆ. ಮೊದಲ ನಿವೇಶನ ಹಂಚುವ ಮುನ್ನ ಈ ಹೊಂಡ ಸಿದ್ಧವಾಗಿರಬೇಕು. ಎಲ್ಲ ಹಂಚಿದ ಮೇಲೆ ತಗ್ಗಿನ ಜಾಗವೂ ಯಾರದೋ ಹೆಸರಿನಲ್ಲಿರುತ್ತದೆ.

ಕೊನೆಗೆ ಉಳಿಯುವುದು ಹೂಳು. ತೊಟ್ಟಿ, ಹೊಂಡ, ಹುಲ್ಲುಗಾಲುವೆ ಇವೆಲ್ಲ ಕೊಳೆಯನ್ನು ಇಲ್ಲವಾಗಿಸುವುದಿಲ್ಲ, ಒಂದೆಡೆ ಕೂಡಿಸುತ್ತವೆ. ಅಕ್ಕಿ ಗಿರಣಿಯ ತೊಟ್ಟಿಯ ಹೂಳನ್ನು ಪರೀಕ್ಷಿಸಿ ನೋಡಿ ಹೊಲಕ್ಕೆ ಹಾಕಬಹುದು, ಬೇಸಿಗೆಯಲ್ಲಿ ಕೆರೆಯ ಹೂಳು ಹೊತ್ತೊಯ್ಯುವ ರೈತರಿಗೆ ಅದರ ಬೆಲೆ ಗೊತ್ತು. ರಾಸಾಯನಿಕ ಘಟಕದ ಹೂಳು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಂದರೆ ಅದನ್ನು ಹೊಲದ ಹತ್ತಿರವೂ ತರುವಂತಿಲ್ಲ; ಅದಕ್ಕೆಂದೇ ಭದ್ರವಾಗಿ ಕಟ್ಟಿದ ನೆಲಭರ್ತಿ ತಾಣಕ್ಕೆ ಸಾಗಿಸಬೇಕು. ರಾಜ್ಯದ ಅಂಥ ಒಂದು ತಾಣವಿರುವುದು ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ, ಯಾದಗಿರಿಯಿಂದ 400 ಕಿಲೋಮೀಟರಿಗೂ ಆಚೆ. ಪ್ರತಿ ಲಾರಿಗೂ ಆಗುವ ಆ ಸಾಗಣೆಯ ಖರ್ಚನ್ನು ಘಟಕದ ಯೋಜನಾ ವರದಿಯಲ್ಲಿ ಮೊದಲೇ ತೋರಿಸಿ, ಅಷ್ಟು ಹಣವನ್ನು ಠೇವಣಿಯಾಗಿ ಪಡೆದ ಬಳಿಕವೇ ನಿವೇಶನದ ಸ್ವಾಧೀನ ಪತ್ರ ನೀಡುವ ಷರತ್ತನ್ನು ಮಂಡಳಿ ಹಾಕಬಹುದು. ಘಟಕ ಮುಚ್ಚಿಹೋದರೆ ಅದೇ ಠೇವಣಿಯಿಂದ ತೊಟ್ಟಿಗಳನ್ನು ಖಾಲಿ ಮಾಡಿಸಿ, ಅಂಗಳದ ಮೇಲ್ಮಣ್ಣನ್ನು ಪರೀಕ್ಷೆಗೆ ಕಳಿಸುವ ಹೊಣೆಯೂ ಮಂಡಳಿಯದ್ದೇ ಆಗಬೇಕು.